ಬಾಯಿ ಸುಡದ ಗಿಡಗಳಿಗೇ ಹೆಚ್ಚು ಹೆದರಬೇಕು

ಪ್ರಶ್ನೆ: ನಾವು ಸಿಂಧನೂರಿನವರು. ಪಡಸಾಲೆ, ಗೇಟಿನ ಪಕ್ಕ, ಮಾಳಿಗೆ ಮೇಲೆ ಎಲ್ಲ ಸೇರಿ ಸಾಕಷ್ಟು ಕುಂಡಗಳಿವೆ. ಹೋದ ವಾರ ನಮ್ಮ ಎರಡೂವರೆ ವರ್ಷದ ಮಗ ಒಳಗಿದ್ದ ದೊಡ್ಡೆಲೆಯ ಗಿಡ ಕಚ್ಚಿದ. ಹಸಿರೆಲೆ ಮೇಲೆ ಬಿಳಿ ಚುಕ್ಕೆ ಇರುವ ಗಿಡ ಅದು. ಕಚ್ಚಿದ ಕೂಡಲೇ ಚೀರಾಡಿದ, ಜೊಲ್ಲು ಸುರಿಯಿತು, ತುಟಿ ಬಾತವು. ಡಾಕ್ಟರು ಸಂಜೆವರೆಗೆ ಇಟ್ಟುಕೊಂಡು ಕಳಿಸಿದರು, ಈಗ ಆರಾಮಿದ್ದಾನೆ. ಆದರೆ ಮನೆಯಲ್ಲಿ ಅಂದಿನಿಂದ ವಾದ ನಿಂತಿಲ್ಲ. ಈ ಗಿಡ ತಿಂದರೆ ಒಂದು ನಿಮಿಷದಲ್ಲಿ ಜೀವ ಹೋಗುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂದದ್ದನ್ನು ತೋರಿಸಿ, ಎಲ್ಲ ಕುಂಡ ಹೊರಗೆ ಹಾಕು ಅಂತಾರೆ ಯಜಮಾನರು. ಅವರೇ ಬೆಳಿಗ್ಗೆ ಲೋಳೆಸರದ ಎಲೆ ಕೊಯ್ದು ಮಿಕ್ಸಿಗೆ ಹಾಕಿ ಕುಡಿಯುತ್ತಾರೆ. ಅತ್ತೆಯವರಿಗೆ ಶುಗರ್ ಇದೆ. ಗುಳಿಗೆ ಜೊತೆಗೆ ದಿನಾ ನಿತ್ಯಪುಷ್ಪದ ಎಲೆ, ಇನ್ಸುಲಿನ್ ಗಿಡದ ಎಲೆ ಅಗಿಯುತ್ತಾರೆ. ಮೈದುನ ಕಿಡ್ನಿ ಕಲ್ಲಿಗೆ ಅಂತ ಕಾಡುಬಸಳೆ ತಿನ್ನುತ್ತಾನೆ. "ಆಡು ಮುಟ್ಟದ ಸೊಪ್ಪಿಲ್ಲ, ಆಡು ತಿಂದದ್ದು ನಮಗೇನು ಮಾಡುತ್ತೆ" ಅನ್ನುವುದು ಅತ್ತೆಯವರ ಮಾತು. ಇವಲ್ಲದೆ ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್, ಅರೆಕಾ ಪಾಮ್, ಸ್ಪೈಡರ್ ಪ್ಲಾಂಟ್, ಕ್ರೋಟನ್, ಅಡೇನಿಯಂ, ಕಣಗಿಲೆ, ದಾಸವಾಳ, ಶಂಖಪುಷ್ಪ, ದೊಡ್ಡಪತ್ರೆ, ತುಳಸಿ ಇವೆ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ತೆಗೆಯಲಿ, ಯಾವುದನ್ನು ತಿಂದರೆ ತೊಂದರೆಯಿಲ್ಲ?

ಉತ್ತರ: ಮಗ ಆರಾಮಿದ್ದಾನೆ ಅನ್ನುವ ಸಾಲು ಸಿಕ್ಕ ಮೇಲೆ ನಿಮ್ಮ ಪತ್ರದ ಉಳಿದ ಭಾಗವನ್ನು ಸಮಾಧಾನದಿಂದ ಓದತೊಡಗಿದೆ. ಮುಗಿಸುವಷ್ಟರಲ್ಲಿ ಆ ಸಮಾಧಾನ ಉಳಿದಿರಲಿಲ್ಲ. ನಿಮ್ಮ ಮನೆಯ ಜಗಳವೆಲ್ಲ ಮಗು ಕಚ್ಚಿದ ಗಿಡದ ಮೇಲೆ ನಡೆದಿದೆ. ನನಗೆ ದಿಗಿಲಾದದ್ದು ಯಾರೂ ಜಗಳ ಆಡದ ಗಿಡಗಳನ್ನು ನೋಡಿ: ಅತ್ತೆಯವರು ಅಗಿಯುವ ಎಲೆ, ಗೇಟಿನ ಕಣಗಿಲೆ, ಮಾಳಿಗೆ ಮೇಲಿನ ಅಡೇನಿಯಂ.

ನಾನು ಅಲಂಕಾರಿಕ ಗಿಡಗಳ ಪಾಠ ಹೇಳುವವನು, ಕೊಪ್ಪಳ, ಗಂಗಾವತಿ, ಸಿಂಧನೂರು ಕಡೆಯ ನರ್ಸರಿಗಳಿಗೆ ಓಡಾಡುವವನು. ವೈದ್ಯನಲ್ಲ. ಗಿಡದೊಳಗೆ ಏನಿದೆ, ಅದು ಏನು ಮಾಡುತ್ತದೆ ಅನ್ನುವುದನ್ನು ಹೇಳಬಲ್ಲೆ. ಗುಳಿಗೆ ಹೆಚ್ಚು ಕಡಿಮೆ ಮಾಡುವ ಮಾತು ನಿಮ್ಮ ಡಾಕ್ಟರದು.

ಮೊದಲು ಮಗು ಕಚ್ಚಿದ್ದು

ನೀವು ಹೇಳುವ ಚುಕ್ಕೆ ಎಲೆಯ ಗಿಡ ಡೈಫೆನ್‌ಬಾಕಿಯಾ. ಬೆಳಕು ಕಡಿಮೆ ಇದ್ದರೂ ಬದುಕುತ್ತದೆ, ಹೀಗಾಗಿ ನಮ್ಮ ಕಡೆ ಬ್ಯಾಂಕು, ಆಸ್ಪತ್ರೆ, ಪಡಸಾಲೆ ಎಲ್ಲೆಡೆ ಇದೆ. ಇದರ ಎಲೆ, ದಂಟಿನ ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳು ಕಟ್ಟುಕಟ್ಟಾಗಿ ಇರುತ್ತವೆ. ಎಲೆತೊಟ್ಟಿನ ತೆಳ್ಳನೆ ಬಿಲ್ಲೆ ಕೊಯ್ದು, ಗಾಜಿನ ಮೇಲಿಟ್ಟು, ಒಂದು ಹನಿ ನೀರು ಬಿಟ್ಟು ಸೂಕ್ಷ್ಮದರ್ಶಕದ ಕೆಳಗೆ ವಿದ್ಯಾರ್ಥಿಗಳಿಗೆ ತೋರಿಸುತ್ತೇನೆ. ಉದ್ದನೆಯ ಚೀಲದಂಥ ಕೋಶ ನೀರು ಕುಡಿದು ಉಬ್ಬುತ್ತದೆ, ತುದಿ ಬಿರಿಯುತ್ತದೆ, ಒಳಗಿನ ಸೂಜಿಗಳು ಒಂದರ ಹಿಂದೊಂದು ಹೊರಗೆ ಚಿಮ್ಮುತ್ತವೆ. ಅದನ್ನು ಒಮ್ಮೆ ನೋಡಿದ ಹುಡುಗರು ಆಮೇಲೆ ಕೈಗವಸು ಹಾಕದೆ ಆ ಗಿಡ ಕತ್ತರಿಸುವುದಿಲ್ಲ. ನಿಮ್ಮ ಮಗನ ನಾಲಿಗೆ ಮೇಲೆ ನಡೆದದ್ದೂ ಇದೇ.

ಹಾಗಾದರೆ ಒಂದು ನಿಮಿಷದಲ್ಲಿ ಸಾವು? ಈ ಸಂದೇಶ ವರ್ಷಗಳಿಂದ ಊರೂರು ಸುತ್ತುತ್ತಿದೆ, ಪ್ರತಿ ಸಲವೂ ಸತ್ತ ಮಗು ಬೇರೆ ಊರಿನದು. ನಿಜ ಇಷ್ಟು: ಉರಿ ಎಷ್ಟು ಜೋರಾಗಿರುತ್ತದೆಂದರೆ ಎರಡನೇ ತುತ್ತು ಯಾರೂ ತಿನ್ನಲಾರರು. ಹೆಚ್ಚಿನವರಿಗೆ ಬಾಯಿ, ತುಟಿ ಬಾತು ಕೆಲವು ತಾಸು, ಅಪರೂಪಕ್ಕೆ ಕೆಲವು ದಿನ ಕಾಡಿ ಇಳಿಯುತ್ತದೆ. ಅಪಾಯ ಇರುವುದು ಬಾವು ಗಂಟಲಿಗೆ ಇಳಿದು ಉಸಿರಾಟಕ್ಕೆ ಅಡ್ಡ ಬಂದರೆ. ಹೀಗಾಗಿ ನಿಮ್ಮ ಡಾಕ್ಟರು ಸಂಜೆವರೆಗೆ ಇಟ್ಟುಕೊಂಡದ್ದು ಸರಿ. ರಸ ಕಣ್ಣಿಗೆ ಹಾರಿದರೂ ಇದೇ ಸೂಜಿಗಳು ಕಣ್ಣುಗುಡ್ಡೆಗೆ ಚುಚ್ಚುತ್ತವೆ. ಕಾಲು ತಾಸು ನೀರು ಹೊಯ್ದು ತೊಳೆದು ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು.

ಮನಿ ಪ್ಲಾಂಟ್, ಅಗ್ಲೊನೆಮಾ, ಸಿಂಗೋನಿಯಂ, ಫಿಲೊಡೆಂಡ್ರಾನ್, ಪೀಸ್ ಲಿಲಿ, ಆಂಥೂರಿಯಂ, ಕ್ಯಾಲೇಡಿಯಂ ಎಲ್ಲವೂ ಇದೇ ಕುಟುಂಬ, ಎಲ್ಲದರಲ್ಲೂ ಇದೇ ಸೂಜಿ. ಕೆಸು, ಸುವರ್ಣಗಡ್ಡೆಯೂ ಇದೇ ಕುಟುಂಬದವೇ. ಕೆಸುವಿನ ಎಲೆಗೆ ಹುಣಸೆ ಹುಳಿ ಹಾಕಿ ಚೆನ್ನಾಗಿ ಕುದಿಸಿ ತುರಿಕೆ ಇಳಿಸಿಕೊಂಡು ತಿನ್ನುವುದನ್ನು ಜನ ಎಷ್ಟೋ ತಲೆಮಾರುಗಳಿಂದ ಕಲಿತಿದ್ದಾರೆ. ಹಾಗಂತ ಮನಿ ಪ್ಲಾಂಟಿಗೂ ಹುಣಸೆಹಣ್ಣು ಹಿಂಡಿದರಾಯಿತು ಅನ್ನುವ ಲೆಕ್ಕ ಬೇಡ. ಯಾವ ಅಡುಗೆಮನೆಯೂ ಅದನ್ನು ತಿಂದು ನೋಡಿ ಹದ ಕಂಡುಕೊಂಡಿಲ್ಲ. ಒಂದು ಎಚ್ಚರ ಇಲ್ಲೇ ಹೇಳಿಬಿಡುತ್ತೇನೆ: ಕುಂಡದಲ್ಲಿ ವೀಳ್ಯದೆಲೆ ಬಳ್ಳಿ ಬೆಳೆಸುವವರು ಅದನ್ನು ಮನಿ ಪ್ಲಾಂಟಿನ ಪಕ್ಕ ಬಿಡಬಾರದು. ಎರಡೂ ಎಲೆ ಹೃದಯದ ಆಕಾರದವು, ಕಣ್ಣು ಮಂದವಾದ ಅಜ್ಜಿ ಕತ್ತಲಲ್ಲಿ ಯಾವುದನ್ನು ಕಿತ್ತಾಳೋ. ಹರಿದು ಮೂಸಿದರೆ ವೀಳ್ಯದೆಲೆ ಖಾರವಾಗಿ ಘಮ್ಮೆನ್ನುತ್ತದೆ, ಮನಿ ಪ್ಲಾಂಟಿಗೆ ಆ ವಾಸನೆ ಇಲ್ಲ.

ಆಡಿನ ಮಾತು

ಅತ್ತೆಯವರ ಗಾದೆ ಹಳೆಯದು, ಅದರಿಂದ ಅವರು ತೆಗೆದ ಅರ್ಥ ಮಾತ್ರ ಸರಿಯಲ್ಲ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಸೊಪ್ಪು ಮೊದಲು ಸೂಕ್ಷ್ಮಜೀವಿಗಳ ಕೈಗೆ ಸಿಗುತ್ತದೆ, ಎಷ್ಟೋ ವಿಷ ಅಲ್ಲೇ ಒಡೆದುಹೋಗುತ್ತದೆ. ಮೇಲಾಗಿ ಆಡು ಒಂದೇ ಗಿಡಕ್ಕೆ ನಿಂತು ಹೊಟ್ಟೆ ತುಂಬಿಸಿಕೊಳ್ಳುವುದಿಲ್ಲ. ಇಲ್ಲಿ ಎರಡು ಎಲೆ, ಅಲ್ಲಿ ನಾಲ್ಕು ಎಲೆ ಕಿತ್ತು ಮುಂದೆ ಹೋಗುತ್ತದೆ. ಇಷ್ಟಿದ್ದೂ ಕಣಗಿಲೆ ತಿಂದ ಆಡು, ದನ ಸಾಯುತ್ತವೆ. ಹೆದ್ದಾರಿಯ ನಡುಪಟ್ಟಿಯಲ್ಲಿ ಸಾಲಾಗಿ ಕಣಗಿಲೆ ಹಚ್ಚುವುದಕ್ಕೆ ಒಂದು ಕಾರಣ ಬೀಡಾಡಿ ದನಗಳು ಅದನ್ನು ಮುಟ್ಟದೆ ಹೋಗುವುದು.

ಇನ್ನು ನಮ್ಮ ಜೋಳವನ್ನೇ ನೋಡಿ. ಕಾಳು ದಿನವೂ ರೊಟ್ಟಿಯಾಗುತ್ತದೆ, ಒಣಗಿದ ಸೊಪ್ಪೆ ದನಕ್ಕೆ ಮೇವಾಗುತ್ತದೆ. ಅದೇ ಜೋಳ ಮೊಳಕಾಲುದ್ದ ಇದ್ದಾಗ, ಅದರಲ್ಲೂ ಮಳೆ ಕೈಕೊಟ್ಟು ಬಾಡಿ ನಿಂತಾಗ ದನ ನುಗ್ಗಿ ಮೇಯ್ದರೆ ಹೊಟ್ಟೆ ಉಬ್ಬರಿಸಿ ಒದ್ದಾಡಿ ಬೀಳುತ್ತದೆ. ಎಳೆ ಎಲೆಯಲ್ಲಿ ಸೈನೈಡ್ ಬಿಡುವ ವಸ್ತು ಇರುವುದೇ ಇದಕ್ಕೆ ಕಾರಣ. ರಾಯಚೂರು ಸೀಮೆಯ ಯಾವ ರೈತನಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ಒಂದೇ ಬೆಳೆ, ಭಾಗ ಬೇರೆ, ಪ್ರಾಯ ಬೇರೆ, ಫಲ ಬೇರೆ. ಹೀಗಿರುವಾಗ 'ಈ ಗಿಡ ತಿನ್ನಬಹುದೇ' ಎಂದು ಕೇಳಿದರೆ ಯಾವ ಭಾಗ, ಎಷ್ಟು, ಯಾರು ತಿನ್ನುವವರು ಎಂದು ನಾನು ತಿರುಗಿ ಕೇಳದೆ ವಿಧಿಯಿಲ್ಲ.

ಕಣಗಿಲೆ ಮತ್ತು ಅದರ ಬಂಧುಗಳು

ಡೈಫೆನ್‌ಬಾಕಿಯಾ ಕಚ್ಚಿದರೆ ಅದೇ ಕೂಗಿ ಹೇಳುತ್ತದೆ. ಕಣಗಿಲೆ ಹಾಗಲ್ಲ. ಎಲೆ ಕಹಿ ಇರುತ್ತದೆ, ಬಾಯಿ ಸುಡುವುದಿಲ್ಲ, ಕೂಡಲೇ ಏನೂ ಆಗುವುದಿಲ್ಲ. ಕೆಲವು ತಾಸಿನ ಮೇಲೆ ವಾಂತಿ, ಹೊಟ್ಟೆನೋವು, ತಲೆಸುತ್ತು ಶುರುವಾಗಿ ನಾಡಿ ನಿಧಾನವಾಗುತ್ತದೆ, ತಾಳ ತಪ್ಪುತ್ತದೆ. ಅದರಲ್ಲಿರುವ ಓಲಿಯಾಂಡ್ರಿನ್ ಹೃದಯದ ಸ್ನಾಯುವಿನ ಕೋಶಗಳಲ್ಲಿ ಸೋಡಿಯಂ, ಪೊಟ್ಯಾಸಿಯಂ ಒಳಗೆ ಹೊರಗೆ ಆಗುವ ವ್ಯವಸ್ಥೆಯನ್ನೇ ಹಿಡಿದು ನಿಲ್ಲಿಸುತ್ತದೆ. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಗುಳಿಗೆ ಅತಿಯಾದರೆ ಆಗುವುದೂ ಹೀಗೆಯೇ. ಎಲೆ, ಹೂ, ಟೊಂಗೆ, ಬೇರು ಯಾವುದೂ ಬಿಟ್ಟಿಲ್ಲ. ಒಣಗಿದರೂ, ಕುದಿಸಿದರೂ ವಿಷ ಉಳಿಯುತ್ತದೆ.

2024ರಲ್ಲಿ ಕೇರಳದಲ್ಲಿ ಒಬ್ಬ ಯುವತಿ ಕಣಗಿಲೆ ಎಲೆ ಅಗಿದು ಸತ್ತಳೆಂಬ ಶಂಕೆ ಎದ್ದ ಮೇಲೆ ಅಲ್ಲಿಯ ತಿರುವಾಂಕೂರು ದೇವಸ್ವಂ ಮಂಡಳಿ ನೈವೇದ್ಯ, ಪ್ರಸಾದದಲ್ಲಿ ಈ ಹೂ ಬಳಸುವುದನ್ನು ನಿಲ್ಲಿಸಿತು. ಪೂಜೆಗೆ ಏರಿಸುವುದಕ್ಕೆ ಅಡ್ಡಿ ಮಾಡಲಿಲ್ಲ. ನನಗೆ ಅದು ಸರಿಯಾದ ಗೆರೆ ಅನ್ನಿಸುತ್ತದೆ. ದೇವರಿಗೆ ಕಣಗಿಲೆ ಏರಿಸಿ, ತೀರ್ಥದ ತಟ್ಟೆಗೆ, ಪಂಚಾಮೃತಕ್ಕೆ ಮಾತ್ರ ಬೀಳಿಸಬೇಡಿ. ಹೂ ನೆನೆದ ನೀರನ್ನೂ ಕುಡಿಯಬಾರದು.

ಹಳದಿ ಕಣಗಿಲೆ ಇದಕ್ಕೂ ಒಂದು ಕೈ ಮೇಲು. ಅದರ ಹಸಿರು ಕಾಯಿಯನ್ನು ಮಕ್ಕಳು ಆಟಕ್ಕೆ ಆರಿಸುತ್ತಾರೆ, ಒಳಗಿನ ಬೀಜ ಬಲು ವಿಷ. ಮಾಳಿಗೆ ಮೇಲಿನ ನಿಮ್ಮ ಅಡೇನಿಯಂ ಕೂಡ ಇದೇ ಕುಟುಂಬ. ಬಳ್ಳಾರಿ, ರಾಯಚೂರಿನ ಬಿಸಿಲಿಗೆ ಹೇಳಿ ಮಾಡಿಸಿದ ಗಿಡವಾದ್ದರಿಂದ ಈಚೆಗೆ ಮನೆಮನೆಗೂ ಬಂದಿದೆ. ದಪ್ಪ ಬುಡ, ಗುಲಾಬಿ ಹೂ, ವಾರಕ್ಕೊಮ್ಮೆ ನೀರು ಕಂಡರೆ ಸಾಕು. ಆಫ್ರಿಕಾದಲ್ಲಿ ಬೇಟೆಗಾರರು ಬಾಣದ ತುದಿಗೆ ಸವರುತ್ತಿದ್ದ ವಿಷಗಳಲ್ಲಿ ಇದರ ರಸವೂ ಒಂದು. ಮಾರುವವರು ಇದನ್ನು ಹೇಳುವುದಿಲ್ಲ, ಅವರಿಗೆ ಗೊತ್ತೂ ಇರುವುದಿಲ್ಲ. ಆಂಧ್ರದ ಕಡಿಯಂನಿಂದ ಲಾರಿಗಟ್ಟಲೆ ಇಳಿಯುವ ಗಿಡಗಳ ಕುಂಡಕ್ಕೆ ಬೆಲೆಯ ಚೀಟಿ ಇದ್ದರೆ ಹೆಚ್ಚು, ಹೆಸರಿನ ಚೀಟಿ ಕೂಡ ಇರುವುದಿಲ್ಲ.

ಅತ್ತೆಯವರ ನಿತ್ಯಪುಷ್ಪ

ಇದೂ ಕಣಗಿಲೆಯ ಕುಟುಂಬವೇ. ಕೆಲವರು ಕಾಶಿ ಕಣಗಿಲೆ ಎಂದೇ ಕರೆಯುತ್ತಾರೆ. ಆದರೆ ವಿಷದ ಬಗೆ ಬೇರೆ. ಇದರಲ್ಲಿ ನೂರಕ್ಕೂ ಹೆಚ್ಚು ಆಲ್ಕಲಾಯ್ಡ್‌ಗಳಿವೆ, ಅಂದರೆ ಅಲ್ಪ ಪ್ರಮಾಣದಲ್ಲೂ ಮೈಮೇಲೆ ಪರಿಣಾಮ ಬೀರಬಲ್ಲ ಸಸ್ಯದ ರಾಸಾಯನಿಕಗಳು. ಸಕ್ಕರೆ ಕಾಯಿಲೆಗೆ ಇದರ ಕಷಾಯ ಕುಡಿಯುವ ರೂಢಿ ನಮ್ಮದಷ್ಟೇ ಅಲ್ಲ. ಜಮೈಕಾದಲ್ಲೂ ಇತ್ತು. 1950ರ ದಶಕದಲ್ಲಿ ಆ ಎಲೆ ಕೆನಡಾದ ಪ್ರಯೋಗಾಲಯಕ್ಕೆ ಬಂತು. ರಾಬರ್ಟ್ ನೋಬಲ್, ಚಾರ್ಲ್ಸ್ ಬೀರ್ ಅದರ ಸಾರವನ್ನು ಪ್ರಾಣಿಗಳಿಗೆ ಬಾಯಿಯ ಮೂಲಕ ಕೊಟ್ಟು ನೋಡಿದರು. ಸಕ್ಕರೆಯ ಮೇಲೆ ಹೇಳಿಕೊಳ್ಳುವ ಪರಿಣಾಮ ಕಾಣಲಿಲ್ಲ. ಚುಚ್ಚಿ ಕೊಟ್ಟಾಗ ಬಿಳಿ ರಕ್ತಕಣಗಳು ಕುಸಿದವು, ಇಲಿಗಳು ಸೋಂಕು ತಗುಲಿ ಸತ್ತವು. ಅವರು ಜಾಣರು, ಸೋತೆವೆಂದು ಕೈಬಿಡಲಿಲ್ಲ. ಬಿಳಿ ಕಣಗಳನ್ನು ಹೀಗೆ ಕೆಡವುವ ವಸ್ತು ಅವೇ ಕಣ ಹುಚ್ಚಾಪಟ್ಟೆ ಬೆಳೆಯುವ ಕ್ಯಾನ್ಸರಿಗೆ ಒದಗೀತೆಂದು ಹಿಂದೆ ಬಿದ್ದು ವಿನ್‌ಬ್ಲಾಸ್ಟಿನ್ ಬೇರ್ಪಡಿಸಿದರು. ಮಕ್ಕಳ ರಕ್ತದ ಕ್ಯಾನ್ಸರಿಗೆ ಇವತ್ತಿಗೂ ಕೊಡುವ ವಿಂಕ್ರಿಸ್ಟಿನ್ ಕೂಡ ಈ ಗಿಡದ್ದೇ.

ಅಂದರೆ ಸಕ್ಕರೆಗೆಂದು ಹುಡುಕಹೊರಟವರಿಗೆ ಸಿಕ್ಕಿದ್ದು ಕ್ಯಾನ್ಸರ್ ಔಷಧ. ನಾಲ್ಕು ಎಲೆಯಲ್ಲಿ ಆ ಔಷಧದ ಅಂಶ ಅತ್ಯಲ್ಪ, ಒಂದು ಗ್ರಾಂ ತೆಗೆಯಲು ನೂರಾರು ಕಿಲೊ ಒಣ ಎಲೆ ಬೇಕು. ಅತ್ತೆಯವರು ಇಷ್ಟು ದಿನ ತಿಂದದ್ದಕ್ಕೆ ನಾಳೆಯೇ ಏನೋ ಆಗಿಬಿಡುತ್ತದೆ ಎಂದು ಹೆದರಿಸುತ್ತಿಲ್ಲ. ಆದರೆ ಕಾರ್ಖಾನೆಯಲ್ಲಿ ಅಳೆದು, ರಕ್ತ ಪರೀಕ್ಷೆ ನೋಡಿ ಕೊಡುವ ವಸ್ತುವನ್ನು ಅಳತೆಯಿಲ್ಲದೆ ದಿನವೂ ಮೆಲ್ಲುವುದರಲ್ಲಿ ಅರ್ಥವಿಲ್ಲ. ಬಸುರಿಯರಂತೂ ಮುಟ್ಟಲೇಬಾರದು.

ಸಕ್ಕರೆಯ ವಿಷಯದಲ್ಲಿ ನಿಜವಾದ ಸಂಕಟ ಬೇರೆ ಎರಡು ಕಡೆ ಇದೆ. ಎಲೆ ತಿನ್ನುತ್ತೇನಲ್ಲ ಎಂದು ಗುಳಿಗೆ ಬಿಡುವುದು ಒಂದು. ಗ್ಲಿಮೆಪಿರೈಡ್‌ನಂಥ ಗುಳಿಗೆಯ ಮೇಲೆ ಎಲೆಯನ್ನೂ ತಿಂದು, ಉಪವಾಸದ ದಿನ ಸಕ್ಕರೆ ಇಳಿದು ಬೆವರಿ, ನಡುಗಿ, ಮಾತು ತೊದಲಿ ಬೀಳುವುದು ಇನ್ನೊಂದು. ಇನ್ಸುಲಿನ್ ಗಿಡಕ್ಕೂ ಇದೇ ಮಾತು. ಹೆಸರು ಜೋರಾಗಿದೆ, ಆದರೆ ಆ ಗಿಡದಲ್ಲಿ ಇನ್ಸುಲಿನ್ ಇಲ್ಲ. ಇದ್ದಿದ್ದರೂ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತಿತ್ತು, ಇನ್ಸುಲಿನ್ನನ್ನು ಚುಚ್ಚಿ ಕೊಡುವುದು ಸುಮ್ಮನೆ ಅಲ್ಲ. ಇದರ ಮೇಲೆ ನಡೆದಿರುವ ಪ್ರಯೋಗಗಳಲ್ಲಿ ಹೆಚ್ಚಿನವು ಇಲಿಗಳ ಮೇಲಿನವು. ನಿತ್ಯಪುಷ್ಪದಷ್ಟು ಅಂಜಿಕೆ ಇದರಲ್ಲಿಲ್ಲ. ಅತ್ತೆಯವರಿಗೆ ಬಿಡಲು ಮನಸ್ಸೇ ಇಲ್ಲದಿದ್ದರೆ, ತಿನ್ನುತ್ತಿದ್ದೇನೆಂದು ಡಾಕ್ಟರಿಗೆ ಹೇಳಲಿ. 'ಅವರು ಬೈತಾರ' ಎಂದು ಮುಚ್ಚಿಡುವುದು ನಮ್ಮಲ್ಲಿ ಹೆಚ್ಚು, ಡಾಕ್ಟರು ಪಾಪ ಗುಳಿಗೆಯ ಪ್ರಮಾಣವನ್ನೇ ಏರಿಸುತ್ತಾ ಇಳಿಸುತ್ತಾ ತಲೆ ಕೆರೆದುಕೊಳ್ಳುತ್ತಿರುತ್ತಾರೆ.

ಮೈದುನನ ಕಾಡುಬಸಳೆ

ಈ ಎಲೆಯನ್ನು ಬೆಳಗಿನ ಜಾವ ಅಗಿದವರಿಗೆ ಹುಳಿ ಗೊತ್ತಿರುತ್ತದೆ. ಸಂಜೆ ಅದೇ ಗಿಡದ ಎಲೆ ಸಪ್ಪೆ. ಲಾಲ್‌ಬಾಗನ್ನು ಕೆಲಕಾಲ ನೋಡಿಕೊಂಡಿದ್ದ ಬೆಂಜಮಿನ್ ಹೈನೆ ಎಂಬ ಸಸ್ಯಶಾಸ್ತ್ರಜ್ಞ ಇದನ್ನು ಗಮನಿಸಿ 1813ರಲ್ಲಿ ಲಂಡನ್ನಿಗೆ ಬರೆದ. ಬಿಸಿಲ ಸೀಮೆಯ ಗಿಡ ಇದು, ಹಗಲು ಬಾಯಿ ಮುಚ್ಚಿಕೊಂಡು ನೀರು ಉಳಿಸುತ್ತದೆ, ರಾತ್ರಿ ಗಾಳಿ ಎಳೆದು ಆಮ್ಲವಾಗಿ ಕೂಡಿಟ್ಟು ಮಾರನೇ ಹಗಲು ಖರ್ಚು ಮಾಡುತ್ತದೆ. ಹೀಗಾಗಿ ಬೆಳಿಗ್ಗೆ ಹುಳಿ. ಕಲ್ಲು ಕರಗಿಸುವುದು ಈ ಹುಳಿಯೇ ಎಂದು ಜನ ನಂಬಿದ್ದಾರೆ.

ಕಲ್ಲು ಹೋದದ್ದೂ ಉಂಟು, ನಿಮ್ಮ ಓಣಿಯಲ್ಲೇ ಸಾಕ್ಷಿ ಸಿಕ್ಕಾರು. ಆದರೆ 5 ಮಿಲಿಮೀಟರಿಗಿಂತ ಚಿಕ್ಕ ಕಲ್ಲುಗಳಲ್ಲಿ ಬಹುಪಾಲು ಚೆನ್ನಾಗಿ ನೀರು ಕುಡಿದರೆ ತಾವಾಗಿಯೇ ಇಳಿದುಹೋಗುತ್ತವೆ. ಎಲೆ ತಿನ್ನುವವರು ಜೊತೆಗೆ ಚೊಂಬುಗಟ್ಟಲೆ ನೀರೂ ಕುಡಿಯುತ್ತಾರೆ, ಹೆಸರು ಎಲೆಗೆ ಬರುತ್ತದೆ. ಕಾಡುಬಸಳೆಯಲ್ಲೂ ಹೃದಯಕ್ಕೆ ತಾಗುವ ವಸ್ತುಗಳಿವೆ. ಆಸ್ಟ್ರೇಲಿಯಾದಲ್ಲಿ ಇದರ ಸೋದರ ಗಿಡಗಳನ್ನು ಮೇಯ್ದು ದನಗಳು ಸತ್ತಿವೆ. ಅಪರೂಪಕ್ಕೆ ಒಂದು ಎಲೆ ತಿಂದ ಗಟ್ಟಿ ಆಳಿಗೆ ಏನೂ ಆಗದೇ ಹೋಗಬಹುದು. ಬಿಪಿ, ಹೃದಯದ ಗುಳಿಗೆ ನುಂಗುವವರು ಇದನ್ನು ಬಾಯಿಗೆ ಇಡಬಾರದು.

ನನಗೆ ಇದಕ್ಕಿಂತ ಹೆಚ್ಚಿನ ಅನುಮಾನ ಅವರು ತಿನ್ನುತ್ತಿರುವುದು ಕಾಡುಬಸಳೆಯೇ ಹೌದೋ ಅಲ್ಲವೋ ಎಂಬುದು. ಗಿಡದ ಮೇಲೆ ಇರುವಾಗಲೇ ಎಲೆಯ ಅಂಚಿಗೆ ಸಾಲಾಗಿ ಪುಟ್ಟ ಪುಟ್ಟ ಮರಿಗಿಡ ಕಟ್ಟಿದ್ದು, ಎಲೆ ಚೂಪಾಗಿ, ಹಿಂಬದಿಯಲ್ಲಿ ನೇರಳೆ ಮಚ್ಚೆ ಇದ್ದರೆ ಅದು ಬೇರೆ ಜಾತಿ, ವಿಷವೂ ಹೆಚ್ಚು. ಕಾಡುಬಸಳೆಯ ಎಲೆ ದುಂಡು, ಕಿತ್ತು ಮಣ್ಣಿನ ಮೇಲಿಟ್ಟ ಮೇಲೆ ಅಂಚಿನ ಕಚ್ಚುಗಳಿಂದ ಮೊಳೆಯುತ್ತದೆ. ನರ್ಸರಿಯಲ್ಲಿ ಎರಡನ್ನೂ ಒಂದೇ ಹೆಸರಲ್ಲಿ ಕೊಡುವುದನ್ನು ಬೇಕಾದಷ್ಟು ನೋಡಿದ್ದೇನೆ. ಕೆಂಪು, ಹಳದಿ ಗೊಂಚಲು ಹೂ ಬಿಡುವ ಕ್ಯಾಲಂಚೋ ಕೂಡ ಇದರ ಬಳಗ, ತಿನ್ನುವಂಥದ್ದಲ್ಲ. ಮೈದುನನಿಗೆ ಒಂದು ಸ್ಕ್ಯಾನ್ ಮಾಡಿಸಿ ಕಲ್ಲಿನ ಅಳತೆ ನೋಡಿಸಿ. ದೊಡ್ಡ ಕಲ್ಲು ಕೊಳವೆಗೆ ಅಡ್ಡ ಕೂತಿದ್ದರೆ, ಎಲೆ ತಿನ್ನುತ್ತಾ ಕಾಯುವ ತಿಂಗಳುಗಳಲ್ಲಿ ಕೆಡುವುದು ಕಿಡ್ನಿ.

ಯಜಮಾನರ ಲೋಳೆಸರ

ಎಲೆ ಕೊಯ್ದಾಗ ಸಿಪ್ಪೆಯ ಒಳಗಿನಿಂದ ಒಸರುವ ಹಳದಿ ನೀರನ್ನು ಗಮನಿಸಿದ್ದೀರಾ? ಅದರ ಹೆಸರು ಅಲೋಯಿನ್ ಅನ್ನಿ, ಜೋರಾದ ಭೇದಿಯ ಮದ್ದು. ಒಳಗಿನ ಪಾರದರ್ಶಕ ಲೋಳೆ ಬೇರೆ, ಈ ಹಳದಿ ಬೇರೆ. ಇಡೀ ಎಲೆ ಮಿಕ್ಸಿಗೆ ಹಾಕಿದರೆ ಎರಡೂ ಹೊಟ್ಟೆಗೆ. 'ಹೊಟ್ಟೆ ಶುದ್ಧವಾಗುತ್ತೆ' ಎನ್ನುವುದು ಈ ಭೇದಿಯನ್ನೇ. ದಿನವೂ ಹೀಗಾದರೆ ಮೈಯ ಪೊಟ್ಯಾಸಿಯಂ ಇಳಿಯುತ್ತದೆ, ನಮ್ಮ ಬೇಸಿಗೆಯಲ್ಲಿ ನೀರಿನಂಶ ಮೊದಲೇ ಕಡಿಮೆ. ಲೋಳೆಸರದ ಇಡೀ ಎಲೆಯ ಸಾರವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 'ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದ' ಗುಂಪಿಗೆ ಸೇರಿಸಿದೆ. ಇದು ಪ್ರಾಣಿಗಳ ಪ್ರಯೋಗದ ಮೇಲೆ ಹೇಳಿದ್ದು.

ತಿನ್ನಲೇಬೇಕೆಂದಿದ್ದರೆ ಎಲೆಯನ್ನು ಬುಡದಲ್ಲಿ ಕೊಯ್ದು, ಕೊಯ್ದ ಬದಿ ಕೆಳಗಾಗಿ ಲೋಟದಲ್ಲಿ ಅರ್ಧ ತಾಸು ನಿಲ್ಲಿಸಿ, ಹಳದಿ ಇಳಿಯಲಿ. ಸಿಪ್ಪೆ ದಪ್ಪಗೆ ಹೆರೆದು, ಲೋಳೆಯನ್ನು ಎರಡು ಮೂರು ನೀರಲ್ಲಿ ತೊಳೆದು ಸ್ವಲ್ಪವೇ ಬಳಸಿ. ಬಸುರಿಯರಿಗೆ, ಮಕ್ಕಳಿಗೆ ಬೇಡ. ಅಲಂಕಾರಕ್ಕೆಂದು ಮಾರುವ ಚುಕ್ಕೆ, ಪಟ್ಟೆಯ ಅಲೋ ಜಾತಿಗಳು ಬೇರೆ, ಅವುಗಳ ಕಡೆ ಚಾಕು ಒಯ್ಯಬೇಡಿ.

ತಿನ್ನಬಹುದಾದವು ಯಾವುವು

ದೊಡ್ಡಪತ್ರೆ. ಕಣ್ಣು ಮುಚ್ಚಿ ಹೇಳುತ್ತೇನೆ. ಅಜವಾನದ ವಾಸನೆಯ ಈ ಎಲೆಯನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಭಜಿ ಕರಿಯಿರಿ, ಚಟ್ನಿ ಅರೆಯಿರಿ. ತುಳಸಿ, ಪುದೀನಾ, ಮಜ್ಜಿಗೆ ಹುಲ್ಲು, ಕರಿಬೇವು ಹೇಳಬೇಕಾದ್ದೇ ಇಲ್ಲ. ದಾಸವಾಳದ ಎಸಳು ತಿನ್ನಬಹುದು, ನಡುವಿನ ದಂಟು, ಪರಾಗ ತೆಗೆಯಿರಿ. ಶಂಖಪುಷ್ಪದ ಹೂವಿನ ನೀಲಿ ಚಹಾ ಕುಡಿದರೆ ತೊಂದರೆಯಿಲ್ಲ, ನಿಂಬೆ ಹಿಂಡಿದರೆ ನೇರಳೆಯಾಗುವುದು ನೋಡಲು ಚಂದ. ಆ ಬಳ್ಳಿಯ ಬೀಜ, ಬೇರು ಭೇದಿ ಮಾಡಿಸುತ್ತವೆ, ಹುರುಳಿಕಾಯಿಯಂಥ ಕಾಯಿ ಮಗುವಿನ ಕೈಗೆ ಸಿಗದಿರಲಿ.

ಸ್ಪೈಡರ್ ಪ್ಲಾಂಟ್, ಅರೆಕಾ ಪಾಮ್ ವಿಷವಲ್ಲ. ಮಗು ಕಚ್ಚಿದರೆ ಬಾಯಿ ಒರೆಸಿ ಸುಮ್ಮನಿರಿ. ಹಾಗೆಂದು ಅವು ಸೊಪ್ಪೂ ಅಲ್ಲ. 'ವಿಷವಲ್ಲದ ಮನೆಗಿಡ' ಎಂದು ಯಾರೋ ಬರೆದದ್ದನ್ನು ಓದಿ ಪಲ್ಲೆ ಮಾಡಿದವರನ್ನು ನಾನು ಬಲ್ಲೆ, ಏನೂ ಆಗಲಿಲ್ಲ, ರುಚಿಯೂ ಸಿಗಲಿಲ್ಲ. ಸ್ನೇಕ್ ಪ್ಲಾಂಟಿನಲ್ಲಿ ಸಾಬೂನಿನಂತೆ ನೊರೆಯುವ ಸ್ಯಾಪೊನಿನ್ ಇದೆ, ತಿಂದರೆ ವಾಂತಿ, ಭೇದಿ. ಕ್ರೋಟನ್‌ನ ರಸ ಚರ್ಮಕ್ಕೇ ತುರಿಕೆ ತರುತ್ತದೆ.

ಎಲೆ ಮುರಿದಾಗ ಬಿಳಿ ಹಾಲು ಬಂದರೆ ಬಾಯಿಗೆ ಬೇಡ ಎಂಬ ಹಳ್ಳಿಯ ರೂಢಿಯನ್ನು ನಾನೂ ಪಾಠದಲ್ಲಿ ಹೇಳುತ್ತೇನೆ. ಪೂರ್ತಿ ನಿಯಮವಲ್ಲ, ಅತ್ತಿ, ಹಲಸಿಗೂ ಹಾಲಿದೆ. ಆದರೆ ಗೋಳಿ ಪಲ್ಲೆ ಕೀಳುವಾಗ ಈ ರೂಢಿ ಉಪಯೋಗಕ್ಕೆ ಬರುತ್ತದೆ. ಕುಂಡದಲ್ಲಿ ತಾನೇ ಹುಟ್ಟುವ ಗೋಳಿಯ ಜೊತೆ, ಹಾಗೇ ನೆಲಕ್ಕೆ ಹಬ್ಬುವ ಹಾಲುಗಿಡವೂ ಹುಟ್ಟುತ್ತದೆ. ಮುರಿದಾಗ ಗೋಳಿಯಿಂದ ನೀರು ಬರುತ್ತದೆ, ಇನ್ನೊಂದರಿಂದ ಹಾಲು.

ಈಗ ಯಾರೂ ಕೇಳದ, ನನ್ನ ಕಸುಬಿನವರಿಗೆ ಗೊತ್ತಿರುವ ಮಾತು. ಗಿಡ ತಿನ್ನುವಂಥದ್ದೇ ಆದರೂ ಕುಂಡ ಎಲ್ಲಿಂದ ಬಂತು ಅನ್ನುವುದು ಮುಖ್ಯ. ಅಲಂಕಾರಿಕ ಗಿಡ ಬೆಳೆಸುವವರು ಬುಡಕ್ಕೆ ಕಾರ್ಬೊಫ್ಯುರಾನ್ ಹರಳು ಹಾಕುತ್ತಾರೆ, ಇಮಿಡಾಕ್ಲೋಪ್ರಿಡ್ ಸಿಂಪಡಿಸುತ್ತಾರೆ. ಇವು ಅಂತರ್ವ್ಯಾಪಿ ಕೀಟನಾಶಕಗಳು, ಬೇರಿನಿಂದ ಎಲೆಯವರೆಗೂ ಒಳಗೇ ಹರಡುತ್ತವೆ, ತೊಳೆದರೆ ಹೋಗುವುದಿಲ್ಲ. ಹತ್ತಿ, ಮೆಣಸಿನಕಾಯಿಗೆ ಸಿಂಪಡಿಸುವ ನಿಮ್ಮ ಊರಿನವರಿಗೆ ಈ ಹೆಸರುಗಳು ಹೊಸವಲ್ಲ. ಗುಲಾಬಿ, ದಾಸವಾಳವನ್ನು ಚೆಲುವಿಗೆ ಮಾರುತ್ತಾರೆ, ಯಾರಾದರೂ ತಿನ್ನುತ್ತಾರೆಂದು ಲೆಕ್ಕ ಹಿಡಿದು ಸಿಂಪಡಿಸಿರುವುದಿಲ್ಲ. ನರ್ಸರಿಯಿಂದ ತಂದ ಗಿಡದ ಮಣ್ಣು ಬದಲಿಸಿ, ಟೊಂಗೆಗಳನ್ನು ಕತ್ತರಿಸಿ, ಮೂರು ತಿಂಗಳ ಮೇಲೆ ಹೊಸದಾಗಿ ಬಂದ ಎಲೆ, ಹೂ ಬಳಸಿ. ಇದಕ್ಕಿಂತ ಸುಲಭದ ದಾರಿ ನೆರೆಮನೆಯ ಔಷಧ ಹೊಡೆಯದ ಗಿಡದಿಂದ ಒಂದು ಟೊಂಗೆ ತಂದು ನೆಡುವುದು. ದೊಡ್ಡಪತ್ರೆಗೆ ದುಡ್ಡು ಕೊಡುವ ಅಗತ್ಯವೇ ಇಲ್ಲ.

ಯಾವುದನ್ನು ತೆಗೆಯಬೇಕು

ಎಲ್ಲ ಕುಂಡ ಹೊರಗೆ ಹಾಕುವುದು ಅತಿಯಾಯಿತು. ಮಗುವಿಗೆ ಐದು ತುಂಬುವವರೆಗೆ ಡೈಫೆನ್‌ಬಾಕಿಯಾವನ್ನು ಯಾರಿಗಾದರೂ ಕೊಟ್ಟುಬಿಡಿ, ಮನಿ ಪ್ಲಾಂಟನ್ನು ಕೈಗೆಟುಕದಂತೆ ಮೇಲೆ ತೂಗುಹಾಕಿ. ಕಣಗಿಲೆ, ಅಡೇನಿಯಂ ನನ್ನ ಮನೆಯದಾಗಿದ್ದರೆ ತೆಗೆಸುತ್ತಿದ್ದೆ. ನಿಮಗೆ ಪೂಜೆಗೆ ಹೂ ಬೇಕೆಂದಿದ್ದರೆ ಕಣಗಿಲೆಯನ್ನು ಮಗು ಹೋಗದ ಕಡೆ ಇಟ್ಟು, ಉದುರಿದ ಹೂ, ಎಲೆಯನ್ನು ದಿನಾ ಗುಡಿಸಿ. ಇದರಲ್ಲಿ ಸ್ವಲ್ಪ ಅಪಾಯ ಉಳಿದೇ ಉಳಿಯುತ್ತದೆ, ತೀರ್ಮಾನ ನಿಮ್ಮದು. ನಿತ್ಯಪುಷ್ಪ ಕಟ್ಟೆಯ ಮೇಲೆ ಚಂದಕ್ಕೆ ಇರಲಿ, ಅತ್ತೆಯವರ ಬೆಳಗಿನ ಪಟ್ಟಿಯಿಂದ ಹೋಗಲಿ.

ಮತ್ತೆ ಏನಾದರೂ ಕಚ್ಚಿದರೆ ಬಾಯಲ್ಲಿರುವುದನ್ನು ಬೆರಳಿಂದ ತೆಗೆದು ಒದ್ದೆ ಬಟ್ಟೆಯಿಂದ ಒರೆಸಿ. ಬಾಯಿ ಉರಿಯುವ ಗಿಡವಾದರೆ ತಣ್ಣನೆ ನೀರು, ಹಾಲು, ಮೊಸರು ಸಮಾಧಾನ ಕೊಡುತ್ತವೆ. ದನಿ ಒಡೆದರೆ, ನುಂಗಲಾಗದಿದ್ದರೆ, ಉಸಿರಿಗೆ ಒದ್ದಾಡಿದರೆ ಏನೂ ಕುಡಿಸದೆ 108ಕ್ಕೆ ಫೋನ್ ಮಾಡಿ. ಉಪ್ಪುನೀರು, ಸಾಬೂನು ನೀರು ಕುಡಿಸಿ ವಾಂತಿ ಮಾಡಿಸುವ ಪದ್ಧತಿ ನಮ್ಮ ಭಾಗದಲ್ಲಿ ಇನ್ನೂ ಇದೆ, ದಯವಿಟ್ಟು ಮಾಡಬೇಡಿ. ವಾಂತಿ ಶ್ವಾಸಕೋಶಕ್ಕೆ ಇಳಿದರೆ ಅದೇ ಇನ್ನೊಂದು ಕಾಯಿಲೆ. ಕಣಗಿಲೆ, ಅಡೇನಿಯಂ ತಿಂದ ಅನುಮಾನ ಇದ್ದರೆ ಲಕ್ಷಣಕ್ಕೆ ಕಾಯಬೇಡಿ, ಮಗು ಆಡುತ್ತಿದ್ದರೂ ಸರಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಿ, ಅಲ್ಲಿಂದ ಬೇಕಾದರೆ ರಾಯಚೂರಿನ ರಿಮ್ಸ್‌ಗೆ. ಗಿಡದ ಒಂದು ಟೊಂಗೆಯನ್ನು ಎಲೆ, ಹೂ ಸಮೇತ ಚೀಲದಲ್ಲಿ ಹಾಕಿ ಒಯ್ಯಿರಿ. 'ಯಾವುದೋ ಹಸಿರು ಗಿಡ' ಎಂದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117, ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ.

ಕಣಗಿಲೆ ಕಡಿಸುವುದಾದರೆ ಕಡಿದ ಟೊಂಗೆಗಳನ್ನು ಓಣಿಯ ತಿಪ್ಪೆಗೆ ಎಸೆಯಬೇಡಿ. ಹಸಿಯಾಗಿದ್ದಾಗ ಕಹಿಯೆಂದು ಬಿಟ್ಟ ದನ ಒಣಗಿದ ಮೇಲೆ ತಿನ್ನುತ್ತದೆ. ಒಲೆಗೂ ಹಾಕಬೇಡಿ, ಅದರ ಹೊಗೆ ಒಳ್ಳೆಯದಲ್ಲ. ಕೈಗವಸು ಹಾಕಿಕೊಂಡು, ತುಂಡು ಮಾಡಿ, ಹಿತ್ತಲಲ್ಲಿ ಆಳವಾದ ಗುಂಡಿ ತೆಗೆದು ಹೂಳಿಸಿ, ಬುಡದ ಬೇರನ್ನೂ ಕೀಳಿಸಿ. ಬಿಟ್ಟರೆ ಮಳೆ ಬಿದ್ದ ಮೇಲೆ ಮತ್ತೆ ಚಿಗುರುತ್ತದೆ.